ಅವ್ವ ಎರೆದ ನೀರು

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟದ್ದು ೧೯೭೯ರಲ್ಲಿ. ಅಂದಿನಿಂದ ನಮ್ಮೂರು ಜುಗೂಳದ ಹೊಲದಲ್ಲಿ ಕಬ್ಬು ಬೆಳೆದು, ಯಾರ ಮುಂದೂ ಕೈಚಾಚದೆ ಸಂಸಾರ ಕಟ್ಟಿದೆ. ಶಾಲೆ ಬಿಟ್ಟ ಎಂಟು ವರ್ಷದ ಮೇಲೆ ಮಗಳು ಹುಟ್ಟಿದಳು. ಕೂಸು ಮಗ್ಗುಲಾಗುವ ಹೊತ್ತಿಗೆ ಅದರ ಬೆನ್ನು, ಹೊಟ್ಟೆಯ ಮೇಲೆಲ್ಲ ಕಂದು ಕಲೆಗಳೆದ್ದವು.

ಓಣಿಯ ಕೂಸುಗಳಿಗೆಲ್ಲ ಎರೆದ ಕೈ ನಮ್ಮವ್ವನದು. ಕಲೆ ಹೋಗಲೆಂದು ಅವಳು ಇನ್ನಷ್ಟು ಎಣ್ಣೆ ಹಾಕಿ, ಕಡಲೆಹಿಟ್ಟು ಹಚ್ಚಿ ತಿಕ್ಕಿ, ಸುಡುಸುಡು ನೀರು ಹೊಯ್ದಳು. ತಿಕ್ಕಿದಷ್ಟೂ ಕಲೆಗಳು ಕೆಂಪಾಗಿ ಉಬ್ಬಿದವು, ಕೂಸು ಚೀರಿತು. ಕುಷ್ಠವಿರಬೇಕೆಂದು ನೆರೆಯವರು ಅದನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು.

ಅವ್ವನನ್ನೂ ಕೂಸನ್ನೂ ಮಿರಜಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಪೆನ್ನಿನ ಹಿಂಬದಿಯಿಂದ ಒಂದು ಕಲೆಯನ್ನು ತಿಕ್ಕಿದರು. ಅದು ನಮ್ಮ ಕಣ್ಣೆದುರೇ ಉಬ್ಬಿತು.

“ಇದಕ್ಕ ಮ್ಯಾಸ್ಟೋಸೈಟೋಸಿಸ್ ಅಂತಾರ, ತಿಕ್ಕಿದ್ರ ಉಬ್ಬೂ ತೊಗಲಿನ ಬ್ಯಾನಿ. ಅಂಟೂ ರೋಗ ಅಲ್ರಿ. ತಿಕ್ಕಬ್ಯಾಡ್ರಿ, ಸುಡು ನೀರು ಹಾಕಬ್ಯಾಡ್ರಿ. ದೊಡ್ಡಾಕಿ ಆಗೂದ್ರಾಗ ಬಹಳ ಮಾಡಿ ಮಾಸತಾವು” ಎಂದರು.

“ತಿಕ್ಕಲಾರದ್ದು ಅದೇನು ಜಳಕರಿ, ಸಾಹೇಬ್ರ? ಎಮ್ಮಿನೂ ತಿಕ್ಕಿ ತೊಳಿತೀವಿ ನಾವು!” ಎಂದಳು ಅವ್ವ.

“ಎಮ್ಮಿ ತೊಗಲು ಬ್ಯಾರೆ, ಮೊಮ್ಮಗಳ ತೊಗಲು ಬ್ಯಾರೆ, ಆಯಿ.”

ಮರುದಿನ ಅವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಉಗುರುಬೆಚ್ಚಗಿನ ನೀರನ್ನು ಬೊಗಸೆಯಿಂದ ಮೆಲ್ಲಗೆ ಬಿಟ್ಟಳು.

“ನೋಡಲೇ, ನಗಾಕತ್ತೈತಿ” ಎಂದು ನನ್ನನ್ನು ಕೂಗಿದಳು.

ಮಗಳು ಹೈಸ್ಕೂಲು ಸೇರುವಷ್ಟರಲ್ಲಿ ಕಲೆಗಳು ಮಾಸಿದವು. ಈಗ ನನಗೆ ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಒಬ್ಬ ಮಗಳು, ಅವಳು ಹೆತ್ತು, ಅವಳೇ ಎರೆದು ಬೆಳೆಸಿದ ಇಬ್ಬರು ಮೊಮ್ಮಕ್ಕಳು.