ಠಾಣೆ ಮೆಟ್ಟಿಲು ಹತ್ತಿದ ಹುಂಜ

ಕೈಲಾಂಚದ ಬೈರಮ್ಮ ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳೋಳಲ್ಲ. ಒಂದು ಮುದ್ದೆ ತಿರುವೋದು, ಇನ್ನೊಂದು ದೃಷ್ಟಿ ತೆಗೆಯೋದು. ಮಗು ಹಾಲು ಕಕ್ಕಿದರೂ ಸರಿ, ಹಸು ಒದ್ದರೂ ಸರಿ, ಊರಿನವರು ಮೊದಲು ಬರೋದು ಅವಳ ಬಾಗಿಲಿಗೇ. "ಬೈರಕ್ಕ, ಒಸಿ ಬಂದು ನೋಡಕ್ಕ" ಅಂದರೆ ಸಾಕು, ಸೆರಗನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇಬಿಡೋಳು. ವಯಸ್ಸು ಅರವತ್ತೆರಡು. ನಾಲಿಗೆ ಮಾತ್ರ ಇನ್ನೂ ಇಪ್ಪತ್ತರದ್ದು.

ಅಂಥವಳ ಮಗ ಹೋಗಿ ಹುಣಸೆಮರಕ್ಕೆ ಕಾರು ಗುದ್ದಿದ ಅಂದರೆ ಸುಮ್ಮನಿರ್ತಾಳಾ?

ಮಗ ನಟರಾಜುವಿನದು ಹಳದಿ ಬೋರ್ಡಿನ ಬಾಡಿಗೆ ಕಾರು. ಸಂಸಾರ ನಡೆಯೋದೇ ಅದರಿಂದ. ಅವತ್ತು ಬೆಳಿಗ್ಗೆ ಯಾರನ್ನೋ ರಾಮನಗರದಲ್ಲಿ ಇಳಿಸಿ ವಾಪಸ್ ಬರ್ತಿದ್ದಾಗ ಕುರಿಯೊಂದು ಅಡ್ಡ ಬಂತು. ಅದನ್ನ ತಪ್ಪಿಸೋಕೆ ಹೋಗಿ ಮರಕ್ಕೆ ಹೊಡೆದ. ಕುರಿಗೆ ಕೂದಲೂ ಕೊಂಕಲಿಲ್ಲ, ಹಿಂದೆ ತಿರುಗಿ ಕೂಡ ನೋಡದೆ ಮೇಯೋಕೆ ಹೋಯ್ತು. ಕಾರಿನ ಮೂತಿ ಅಪ್ಪಚ್ಚಿಯಾಯ್ತು. ನಟರಾಜುವಿನ ಎಡಗೈ ಮೂಳೆ ಮುರಿಯಿತು. ಹಿಂದೆ ಬರ್ತಿದ್ದ ಆಟೋದವರೇ ಅವನನ್ನ ಆಸ್ಪತ್ರೆಗೆ ಸೇರಿಸಿದರು.

ಬೈರಮ್ಮ ಓಡಿದಳು. ಮಗನನ್ನ ಕಣ್ತುಂಬ ನೋಡಿದಳು, ಅತ್ತಳು, ಆಮೇಲೆ ಬಾಯಿಗೆ ಬಂದ ಹಾಗೆ ಬೈದಳು. ಡಾಕ್ಟರು ಎಕ್ಸ್‌ರೇ ತೆಗೆಸಿ, ಕೈಗೆ ಬಿಳಿ ಕಟ್ಟು ಹಾಕಿ, "ಮೂಳೆ ಮುರಿದಿದೆ ಅಷ್ಟೇ, ಹೊರಗಾಯ ಇಲ್ಲ. ಇವತ್ತೊಂದು ದಿನ ಇಲ್ಲೇ ಇರಲಿ" ಅಂದರು. ಅಷ್ಟು ಕೇಳಿದ್ದೇ ತಡ, ಬೈರಮ್ಮ ಊರಿಗೆ ವಾಪಸ್. ಅವಳಿಗೆ ಬೇರೆ ಕೆಲಸ ಇತ್ತು.

"ಮರದ ಗಂಟ ಬಂದಿದ್ದ ಜವರಾಯ ಸುಮ್ನೆ ವಾಪಸ್ ಹೋಗವ್ನೆ. ಹಂಗೇ ಬುಟ್ರೆ ಮತ್ತೆ ಬತ್ತಾನೆ ಕಣೇ" ಅಂತ ಸೊಸೆ ರಾಧಾಮಣಿಗೆ ಹೇಳಿ, ಟ್ರಾಕ್ಟರಿಗೆ ಕಟ್ಟಿಸಿ ಕಾರನ್ನ ಮನೆ ಮುಂದಕ್ಕೆ ಎಳೆಸಿದಳು. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಅಂತ ಕೊಬ್ಬಿಸಿದ್ದ ಕೆಂಪು ಹುಂಜವನ್ನ ಊರ ದೇವರು ಮುನಿಯಪ್ಪನ ಹೆಸರಲ್ಲಿ ಕುಯ್ಯಿಸಿ, ಅದರ ರಕ್ತವನ್ನ ಮುಂದಿನ ಚಕ್ರಕ್ಕೂ ಬಂಪರಿಗೂ ತನ್ನ ಕೈಯಾರೆ ಬಳಿದಳು. ಸಂಜೆಗೆ ಸಾರಾಯ್ತು. ಹದಿನೆಂಟು ಜನ ಉಂಡರು.

ಮಾರನೇ ದಿನ ನಟರಾಜು ಮನೆಗೆ ಬಂದ. ರಕ್ತ ಅವನ ಕಣ್ಣಿಗೂ ಬಿತ್ತು. ಆದರೆ ಆ ಊರಲ್ಲಿ ಹುಟ್ಟಿದವನಿಗೆ ಅದು ರಕ್ತವಾಗಿ ಎಲ್ಲಿ ಕಾಣುತ್ತೆ? ಪೂಜೆ ಆಗಿದೆ ಅಂದುಕೊಂಡು ಸುಮ್ಮನಾದ. ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಮುಗಿಸಿ, "ಅವ್ವಾ, ಸರ್ವೇಯರ್ ಬಂದು ನೋಡೋ ಗಂಟ ಕಾರು ಹೆಂಗೈತೋ ಹಂಗೇ ಇರ್ಬೇಕಂತೆ. ಒಂದ್ ಚೊಂಬು ನೀರೂ ಉಯ್ಯಬ್ಯಾಡ" ಅಂದ.

"ಉಯ್ಯಲ್ಲ ಕಣಪ್ಪ" ಅಂದಳು ಬೈರಮ್ಮ. ಜೀವಮಾನದಲ್ಲಿ ಒಂದೇ ಒಂದು ಸಲ ಮಗನ ಮಾತು ಕೇಳಿದಳು ನೋಡಿ, ಅದೇ ಎಡವಟ್ಟಾಯ್ತು.

ಮೂರನೇ ದಿನ ಸರ್ವೇಯರ್ ಅಶೋಕ್ ಬಂದ. ಇಸ್ತ್ರಿ ಹಾಕಿದ ಶರ್ಟು, ಕಡಿಮೆ ಮಾತು. ಬೈರಮ್ಮ ಕೊಟ್ಟ ನಿಂಬೆ ಪಾನಕ ಕುಡಿದ, ಕಾರನ್ನ ನಾಲ್ಕು ಸುತ್ತು ಸುತ್ತಿ ಫೋಟೋ ಹೊಡೆದುಕೊಂಡ. "ಬೇರೆ ಯಾರಿಗಾದರೂ ಏಟಾಯ್ತಾ?" ಅಂತ ಕೇಳಿದ. ನಟರಾಜು ಇಲ್ಲ ಅಂದ. ಡಾಕ್ಟರ ಚೀಟಿಯಲ್ಲಿ ಹೊರಗಾಯ ಇಲ್ಲ, ಚಕ್ರದ ತುಂಬ ಒಣಗಿದ ರಕ್ತ! ಅಶೋಕ್ ತುಟಿಪಿಟಿಕ್ ಅನ್ನಲಿಲ್ಲ. ಬರೆದುಕೊಂಡು ಹೋದ.

ವಾರಕ್ಕೆ ಠಾಣೆಯಿಂದ ಕರೆ ಬಂತು. ಕಟ್ಟು ಹಾಕಿದ ಕೈ ಹೊತ್ತುಕೊಂಡು ನಟರಾಜು ಹೊರಟ. ಅವನ ಹಿಂದೆ ಬೈರಮ್ಮ, ಬೈರಮ್ಮನ ಹಿಂದೆ ರಾಧಾಮಣಿ. ಒಳಗೆ ಸಬ್ ಇನ್‌ಸ್ಪೆಕ್ಟರ್ ಮೇಡಂ ಕೂತಿದ್ದರು. ಪಕ್ಕದಲ್ಲಿ ಅಶೋಕ್.

"ಯಾರಿಗೆ ಗುದ್ದಿ ಬಂದೆ, ನಿಜ ಹೇಳು" ಅಂದರು ಮೇಡಂ, ಫೋಟೋಗಳನ್ನ ಮುಂದೆ ಇಟ್ಟು. "ಕಾರಲ್ಲಿ ರಕ್ತ ಇದೆ, ನಿನಗೆ ಗಾಯ ಇಲ್ಲ. ಮನುಷ್ಯರದ್ದಾದರೆ ಕ್ಲೇಮಿನ ಮಾತು ಬಿಡು, ನೀನು ಒಳಗೆ ಹೋಗ್ತೀಯ."

ಬೈರಮ್ಮ ಫೋಟೋಗಳ ಕಡೆ ಬಗ್ಗಿ ನೋಡಿದಳು. ಅಯ್ಯೋ ಶಿವನೇ, ಮಗನನ್ನ ಕಾಯೋಕೆ ಅಂತ ಬಳಿದ ರಕ್ತ, ಅದೇ ಮಗನನ್ನ ಜೈಲಿಗೆ ಕಳಿಸ್ತೈತಾ? ತನ್ನ ಕೈಯನ್ನೇ ತಾನು ಕಡಿದುಕೊಳ್ಳೋ ಹಾಗಾಯ್ತು ಅವಳಿಗೆ.

"ನನ್ನವ್ವಾ, ಅದು ನಮ್ಮನೆ ಹುಂಜದ್ದು ಕಣ್ರವ್ವಾ!" ಅಂತ ಮೇಜಿನ ಹತ್ತಿರ ನುಗ್ಗಿದಳು. "ಬಳ್ದೋಳು ನಾನು. ಒಳಕ್ಕೆ ಹಾಕದಾದ್ರೆ ನನ್ನೇ ಹಾಕಿ. ಅವ್ನು ಆಗ ಆಸ್ಪತ್ರೇಲಿದ್ದ!"

"ಹುಂಜ ಅನ್ನೋದಕ್ಕೆ ಸಾಕ್ಷಿ ಏನಮ್ಮ?"

"ಉಂಡೋರು ಹದಿನೆಂಟು ಜನ ಅವ್ರೆ! ದೊಡ್ಡಲಕ್ಷ್ಮಮ್ಮ ಮೂರು ಸಲ ಹಾಕಿಸ್ಕಂಡವ್ಳೆ, ಕರ್ಸಿ ಕೇಳಿ. ಅವಳು ನೆಂಟರ ಮನೆ ಊಟ ಮರೆತಾಳು, ಪಕ್ಕದ ಮನೆ ಕೋಳಿ ಮರೆಯಲ್ಲ."

ಅಷ್ಟರಲ್ಲಿ ರಾಧಾಮಣಿ ಮೆಲ್ಲಗೆ ಫೋನ್ ಮುಂದೆ ಮಾಡಿದಳು. ಗಂಡನಿಗೆ ತೋರಿಸೋಣ ಅಂತ ಪೂಜೆಯನ್ನ ವಿಡಿಯೋ ಮಾಡಿಟ್ಟಿದ್ದಳು. ದಿನಾಂಕ, ಟೈಮು ಎಲ್ಲಾ ಅದರಲ್ಲೇ ಇತ್ತು. ಮೇಡಂ, ಅಶೋಕ್, ಬರೆಯೋ ಪೇದೆ, ಮೂವರೂ ತಲೆ ಸೇರಿಸಿ ಬಗ್ಗಿದರು. ಹುಂಜ ಕಂಡಿತು, ಅದರ ಕೂಗು ಕೇಳಿಸಿತು. ಚಕ್ರಕ್ಕೆ ರಕ್ತ ಬಳಿಯುತ್ತಾ ಬೈರಮ್ಮ ಹುಣಸೆಮರಕ್ಕೆ ಬೈಯೋದೂ ಕೇಳಿಸಿತು: "ಲೇ ಮುದಿ ಮರ, ನನ್ ಮಗ್ನೇ ಬೇಕಾಗಿದ್ನೇನ್ಲಾ ನಿಂಗೆ? ನಿನ್ನ ಹುಣಸೆಹಣ್ಣಿಗೆ ಹುಳ ಹಿಡಿಯ!"

ಮೊದಲು ನಕ್ಕವರು ಮೇಡಂ. ಆಮೇಲೆ ಇಡೀ ಠಾಣೆ ಹೊಟ್ಟೆ ಹಿಡಿದುಕೊಂಡಿತು. ಅಶೋಕ್ ಕಿವಿ ಕೆಂಪಾಗಿ, "ಅಮ್ಮಾ, ಅವತ್ತೇ ಬಾಯಿಬಿಟ್ಟು ಕೇಳಬೇಕಿತ್ತು ನಾನು. ಬೇರೆ ರಿಪೋರ್ಟು ಬರೀತೀನಿ, ಕ್ಲೇಮು ಪಾಸಾಗುತ್ತೆ" ಅಂದ.

"ಸಾರು ಹೆಂಗಿತ್ತಮ್ಮ?" ಅಂದರು ಮೇಡಂ, ಕಣ್ಣು ಒರೆಸಿಕೊಳ್ಳುತ್ತಾ.

"ಖಾರ ಒಸಿ ಮುಂದಾಗಿತ್ತು. ಅಳ್ತಾ ಅಳ್ತಾ ಅರೆದಿದ್ದೆ ನೋಡಿ."

ಪೇದೆ ಅವಳ ಹೇಳಿಕೆ ಬರೆದುಕೊಂಡು ಓದಿ ಹೇಳಿದರು. ಕಾರಿನ ನಂಬರು, ಮರ ಇರೋ ಜಾಗ, ಬಂಪರ್ ಹೋಗಿದೆ, ದೀಪ ಒಡೆದಿದೆ, ರಕ್ತ ಕೋಳಿಯದು. "ಸರೀನಾ? ಸೈನ್ ಹಾಕಮ್ಮ."

ಬೈರಮ್ಮ ಪೆನ್ನು ಹಿಡಿದಳು, ಸೈನ್ ಹಾಕಲಿಲ್ಲ.

"ಇನ್ನೊಂದು ಬುಟ್ಟೋಗೈತೆ ಸ್ವಾಮಿ. ಡಾಕ್ಟ್ರು ಮೂಳೆ ಬರ್ದ್ರು. ಈ ಅಪ್ಪ ಬಂಪರ್ ಬರ್ದ. ನೀವು ಕೋಳಿ ಬರ್ದ್ರಿ. ಇಷ್ಟೊಂದು ಕಾಗ್ದ ಆಯ್ತು, ನನ್ ಮಗ ಉಳ್ಕಂಡ ಅಂತ ಯಾರೂ ಬರೀನೇ ಇಲ್ವಲ್ಲ. ಅದನ್ನ ಬರ್ಕಳಿ."

ನಟರಾಜು ಗೋಡೆ ಕಡೆ ಮುಖ ತಿರುಗಿಸಿಕೊಂಡ. ಪೇದೆ ಮೇಡಂ ಮುಖ ನೋಡಿದರು.

"ಬರೀರಿ" ಅಂದರು ಮೇಡಂ.

ಪೇದೆ ಬರೆದರು. ಬೈರಮ್ಮ ಅದೊಂದು ಸಾಲನ್ನ ಎರಡೆರಡು ಸಲ ಓದಿಸಿ ಕೇಳಿದಳು. ಆಮೇಲೆ ಪೆನ್ನನ್ನ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಅದರ ಕೆಳಗೇ ಹೆಸರು ಬರೆದಳು.