ಎರಡು ಕಪಾಟಿಗೆ ಮೂರು ಹಲಗೆ

ಶ್ರೀರಂಗಪಟ್ಟಣದ ಬಾಡಿಗೆ ಮನೆಗೆ ನಾನೂ ನನ್ನ ಗೆಳತಿಯೂ ಸೇರಿ ಕೊಂಡ ಜೋಡಿ ಪುಸ್ತಕದ ಕಪಾಟು ಬಿಡಿಭಾಗಗಳಾಗಿ ಬಂದಿತ್ತು. ಪಾಂಡವಪುರದ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ಒಂದು ಭಾನುವಾರ ನೆಲದ ಮೇಲೆ ಕುಳಿತು ಜೋಡಿಸಿದೆವು. ಮೊದಲ ಕಪಾಟಿಗೆ ಎರಡೂ ಪಕ್ಕ ಉದ್ದ ಹಲಗೆಗಳಿದ್ದವು. ಎರಡನೆಯದಕ್ಕೆ ಬಲಗಡೆ ಮಾತ್ರ. ಎಡಗಡೆ ಅದು ಮೊದಲಿನದರ ಹಲಗೆಗೇ ಬೋಲ್ಟಿನಿಂದ ಕೂರಬೇಕು. ಎರಡು ಕಪಾಟಿಗೆ ಒಟ್ಟು ಮೂರೇ ಹಲಗೆ.

ಕಳೆದ ವರ್ಷ ಅವಳು ಮದುವೆಯಾಗಿ ಕೆ.ಆರ್. ಪೇಟೆಗೆ ಹೊರಟಾಗ ಮೊದಲನೆಯದನ್ನು ತೆಗೆದುಕೊಂಡು ಹೋಗು ಎಂದೆ. ಒಳ್ಳೆಯದನ್ನು ಕೊಡುತ್ತಿದ್ದೇನೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಗೂಡ್ಸ್ ಆಟೋ ತಿರುವು ದಾಟಿದ ಮೇಲೆ ಒಳಗೆ ಬಂದು ನೋಡಿದರೆ ನನ್ನ ಪಾಲಿಗೆ ಉಳಿದದ್ದು ಒಂದು ಉದ್ದ ಹಲಗೆ, ಐದು ಅಡ್ಡಹಲಗೆ. ನಿಲ್ಲಿಸುವಂತಿರಲಿಲ್ಲ. ಗೋಡೆಗೆ ಒರಗಿಸಿಟ್ಟೆ. ಪುಸ್ತಕಗಳು ರಟ್ಟಿನ ಡಬ್ಬದಲ್ಲೇ ಇದ್ದವು.

ಮೊದಮೊದಲು ಅವಳು ಫೋನ್ ಮಾಡುತ್ತಿದ್ದಳು. ನಾನು ಚೆನ್ನಾಗಿದ್ದೇನೆ ಎಂದು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆಮೇಲೆ ಅವಳೂ ಬಿಟ್ಟಳು.

ಈ ಸಲ ರಜೆಯಲ್ಲಿ ಅದೇ ಕಂಪನಿಯ ಹೊಸ ಮಾದರಿ ತರಿಸಿದೆ, ಹಳೆಯದನ್ನು ಅದಕ್ಕೆ ಜೋಡಿಸಬಹುದು ಎಂದುಕೊಂಡು. ಬಿಳಿ ಬಣ್ಣ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಬೋಲ್ಟಿಲ್ಲ, ತಿರುಪಿಲ್ಲ, ಪ್ಲಾಸ್ಟಿಕ್ ಕೊಂಡಿ ಒತ್ತಿದರೆ ಕೂತುಬಿಡುತ್ತದೆ. ಹಳೆಯದಕ್ಕೆ ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ತಿರುಪಬೇಕಿತ್ತು. ಇದನ್ನು ಕಾಫಿ ಆರುವುದರೊಳಗೆ ಒಬ್ಬಳೇ ನಿಲ್ಲಿಸಿದೆ. ಹೊಸದರಲ್ಲಿ ಪ್ರತಿ ಕಪಾಟಿಗೂ ಅದರದೇ ಎರಡು ಪಕ್ಕ. ಬೇರೊಂದನ್ನು ಸೇರಿಸಲು ಎಲ್ಲಿಯೂ ತೂತಿಲ್ಲ.

ಬೀದಿಯ ಕೊನೆಯಲ್ಲಿ ಮರಗೆಲಸದ ಅಂಗಡಿ ಇಟ್ಟಿರುವ ಭಾಯಿಯನ್ನು ಕರೆತಂದು ತೋರಿಸಿದೆ. ಅವರು ಬಿಳಿ ಹಲಗೆಯನ್ನು ಬೆರಳಿನಿಂದ ತಟ್ಟಿ ನಕ್ಕರು.

"ಬಿಸ್ಕತ್ತು ಇದ್ದಂಗೈತೆ ಮೇಡಂ. ಬೋಲ್ಟ್ ಹಾಕಿದ್ರೆ ಪುಡಿ ಉದುರ್ತದೆ. ಇದ್ನ ಬುಡಿ, ಹಳೇದಕ್ಕೆ ನಾನೇ ಒಂದು ಹಲಗೆ ಕುಯ್ದು ಕೊಡ್ತೀನಿ. ನಿಮ್ತಾವ ಇರೋದ್ನ ಅಂಗಡಿಗೆ ಕಳ್ಸಿ, ಅದ್ರ ಮೇಲೇ ಮಡಗಿ ತೂತು ಗುರ್ತು ಮಾಡ್ಕತೀನಿ."

"ಅಳತೆ ಬರೆದುಕೊಟ್ಟರೆ ಆಗಲ್ವಾ?"

"ಹಲಗೇನೇ ಐತಲ್ಲ ಮೇಡಂ, ಅಳತೆ ಯಾಕೆ?"

ಅಳತೆಯನ್ನೇ ತರುತ್ತೇನೆ ಎಂದೆ. ಗೆಳತಿಗೆ ಫೋನ್ ಮಾಡಲು ನನಗೊಂದು ಕಾರಣ ಬೇಕಿತ್ತು.

ಸಂಜೆ ಐದಕ್ಕೆ ಮಾಡಿದೆ.

"ಏನಮ್ಮೀ, ಬದುಕಿದ್ದೀಯಾ?" ಎಂದಳು.

ನಿನ್ನ ಕಪಾಟಿನ ಬಲಗಡೆ ಹಲಗೆಯ ತೂತುಗಳು ಎಷ್ಟೆಷ್ಟು ಎತ್ತರದಲ್ಲಿವೆ ಎಂದು ತಿಳಿಯಬೇಕಿತ್ತು ಎಂದೆ.

"ಎಂಟು ತಿಂಗ್ಳಾದ್ಮೇಲೆ ಕೇಳೋ ಸುದ್ದಿಯೇನೇ ಇದು? ಇರು, ಅತ್ತೆ ಅದ್ರ ತುಂಬಾ ಉಪ್ಪಿನ್ಕಾಯಿ ಜಾಡಿ ಮಡಗವ್ರೆ."

ಜಾಡಿಗಳನ್ನು ಒಂದೊಂದಾಗಿ ನೆಲಕ್ಕಿಳಿಸುವ ಸದ್ದು ಕೇಳಿಸಿತು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಟೇಪು ಹುಡುಕಿ ತಂದು ಓದತೊಡಗಿದಳು. ಕೆಳಗಿನಿಂದ ಒಂಬತ್ತೂವರೆ ಸೆಂಟಿಮೀಟರ್. ಆಮೇಲೆ ನಲವತ್ತೊಂದು. ಬರೆದುಕೊಂಡೆ. ಮೂರನೆಯದಕ್ಕೆ ಬಂದವಳು ನಿಂತಳು.

"ಅಲ್ಲ ಕಣೇ, ನಿನ್ನತ್ರಾನೂ ಒಂದು ಹಲಗೆ ಅದೆಯಲ್ಲ. ಅದ್ರ ತೂತೂ ಇಂಗೇ ಇರ್ತವಲ್ವಾ?"

ಸುಳ್ಳು ಹೇಳಲು ಒಂದೆರಡು ದಾರಿಗಳಿದ್ದವು. ಹಲಗೆ ಬಡಗಿಯ ಹತ್ತಿರ ಇದೆ ಎನ್ನಬಹುದಿತ್ತು.

"ಇರ್ತವೆ," ಎಂದೆ.

ಅಲ್ಲಿ ಒಳಗಿನಿಂದ ಯಾರೋ ಅವಳನ್ನು ಕರೆದರು. "ಬಂದೆ ಅತ್ತೆ, ವಸಿ ತಡೀರಿ," ಎಂದು ಅತ್ತ ಕೂಗಿದಳು. ಇನ್ನು ಫೋನ್ ಇಡುತ್ತಾಳೆ ಎಂದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ.

"ಮೇಲ್ಗಡೆ ಇನ್ನೂ ಮೂರು ತೂತವೆ," ಎಂದಳು. "ಕೈ ಎಟುಕ್ತಿಲ್ಲ, ಸ್ಟೂಲ್ ತತ್ತೀನಿ. ಫೋನ್ ಇಟ್ಬುಟ್ಟೀಯಾ ಮತ್ತೆ."