ಬೀಗದೊಳಗಿನ ಮೆರವಣಿಗೆ

ವಾಡಿ ಸ್ಟೇಷನ್ನಿನಿಂದ ಹೊರಬಂದರೆ ಸಿಗುವ ಅಂಗಡಿ ಸಾಲಿನಲ್ಲಿ ಸಂಘಮಿತ್ರಾಳ ಫೋಟೋ ಸ್ಟುಡಿಯೋ ಇದೆ. ಮದುವೆ ಮನೆಗೆ ಕ್ಯಾಮೆರಾ ಹೊತ್ತು ಹೋಗುವ ಹೆಂಗಸು ಆ ಸೀಮೆಯಲ್ಲಿ ಅವಳೊಬ್ಬಳೇ. ಒಮ್ಮೆ ಬೇರೆ ಊರಿನ ಸ್ಟುಡಿಯೋದಿಂದ ಮದುಮಗಳೊಬ್ಬಳ ಫೋಟೋಗಳನ್ನು ಯಾರೋ ಕದ್ದು, ಹೊಲಸಾಗಿ ತಿದ್ದಿ, ಮೊಬೈಲುಗಳಿಗೆ ಹರಿಬಿಟ್ಟಿದ್ದರು. ಹುಡುಗಿ ಬಾವಿಗೆ ಬಿದ್ದಳು. ಆಮೇಲೆ ಸಂಘಮಿತ್ರಾ ತನ್ನ ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಇಡೀ ಡಿಸ್ಕಿಗೆ ಬೀಗ ಜಡಿದಳು. ಚಾಲೂ ಮಾಡುವಾಗಲೇ ಉದ್ದನೆಯ ಪಾಸ್‌ವರ್ಡ್ ಹೊಡೆಯದಿದ್ದರೆ ಒಳಗಿನದೆಲ್ಲ ಯಾರ ಕಣ್ಣಿಗೂ ಬರೀ ಕಸ.

ಆ ಬೇಸಿಗೆಯಲ್ಲಿ ಚಿತ್ತಾಪುರ ಕಡೆಯ ಒಂದು ಹಳ್ಳಿಯಲ್ಲಿ ಭೀಮಶ್ಯಾನ ಮಗ ರಾಜರತ್ನನ ಮದುವೆ. ಕೆಳಗೇರಿಯ ಹುಡುಗ ಕುದುರೆ ಏರಿ ಮೇಲ್ಜಾತಿಯವರ ಓಣಿಗೆ ಬಂದದ್ದೇ ತಡ, ಕಟ್ಟೆಯ ಮೇಲಿಂದ ಕಲ್ಲು ಬಿದ್ದವು. ಕುದುರೆ ಬೆದರಿ ಓಡಿತು. ಜೀನಿನ ಪಟ್ಟಿಯಲ್ಲಿ ಕಾಲು ಸಿಕ್ಕಿಕೊಂಡ ರಾಜರತ್ನ ಹಾಸುಗಲ್ಲಿನ ಮೇಲೆ ಎಳೆದಾಡಿಸಿಕೊಂಡು ಹೋದ. ಬಡಿಗೆ, ಕಬ್ಬಿಣದ ರಾಡು ಹಿಡಿದವರು ಹೆಂಗಸರು ಮಕ್ಕಳೆನ್ನದೆ ನುಗ್ಗಿದರು. ಸೌಂಡ್ ಬಾಕ್ಸಿನ ಮರೆಗೆ ಕುಕ್ಕರಿಸಿದ ಸಂಘಮಿತ್ರಾ ಧೂಳಿನಲ್ಲಿ ಯಾರು ಯಾರೆಂದು ಕಾಣದಿದ್ದರೂ ಕ್ಯಾಮೆರಾ ನಿಲ್ಲಿಸಲಿಲ್ಲ. ರಾಜರತ್ನ ಗಾಯಗಳೊಂದಿಗೆ ಉಳಿದುಕೊಂಡ, ಆದರೆ ಕಲಬುರಗಿ ದವಾಖಾನೆ ಮುಟ್ಟುವ ಮೊದಲೇ ಭೀಮಶ್ಯಾನ ಪ್ರಾಣ ಹೋಗಿತ್ತು. ಅವನೇ ಮೊದಲು ಕೈ ಎತ್ತಿದ, ತಳ್ಳಾಟದಲ್ಲಿ ಕಲ್ಲಿನ ಮೇಲೆ ಬಿದ್ದು ಸತ್ತ ಎಂದು ಹೊಡೆದವರು ಊರೆಲ್ಲ ಹೇಳುತ್ತ ಬಂದರು.

ಮರುದಿನ ಮುಂಜಾನೆ ಅವಳು ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಪೊಲೀಸ್ ಠಾಣೆಗೆ ಹೊರಡಲು ತಯಾರಾಗುತ್ತಿದ್ದಳು. ಹಿಂದುಗಡೆ ಸಿಸ್ಟಮ್ಮಿನ ಅಪ್‌ಡೇಟ್ ಓಡುತ್ತಿತ್ತು. ಅಷ್ಟರಲ್ಲಿ ಇಬ್ಬರನ್ನು ಕಟ್ಟಿಕೊಂಡು ರಮೇಶಕುಮಾರ ಬಂದ. ಅದೇ ಹಳ್ಳಿಯವನು. ಅವನ ಮದುವೆಯ ಆಲ್ಬಮ್ ಮಾಡಿಕೊಟ್ಟವಳು ಇವಳೇ.

"ಅಕ್ಕಾ, ನಿನ್ನಿ ವಿಡಿಯೋ ಅಳಿಸಿಬಿಡ್ರಿ. ನಮ್ಮ ಮಂದಿ ಮಾರಿ ಅದರಾಗ ಅದಾವ."

"ಮನುಷ್ಯಾ ಸತ್ತಾನ, ರಮೇಶ. ಅಳಸಂಗಿಲ್ಲ."

ಅವನು ಮತ್ತೆ ಕೇಳಲಿಲ್ಲ. ಕ್ಯಾಮೆರಾದ ಕಾರ್ಡ್ ತೆಗೆದು ಬೂಟುಗಾಲಲ್ಲಿ ಅರೆದ. ಕಂಪ್ಯೂಟರಿನ ವೈರು ಕಿತ್ತು, ಪರದೆಯನ್ನು ಗೋಡೆಗೆ ಅಪ್ಪಳಿಸಿ, ಸಿಪಿಯು ಡಬ್ಬಿಯನ್ನು ಒದ್ದು ಉರುಳಿಸಿದ. ಮತ್ತೆ ಏನೋ ಹೊಳೆದವನಂತೆ ಅವಳ ಕೂದಲು ಹಿಡಿದೆಳೆದ.

"ಪಾಸ್‌ವರ್ಡ್ ಹೇಳ. ಡಬ್ಬಿ ಒಯ್ದು ಒಳಗಿಂದ ನಾನೇ ಅಳಸ್ತೀನಿ."

ಅವಳು ಕೊಸರಿಕೊಂಡು ಬಾಗಿಲತ್ತ ನುಗ್ಗಿ ಮುಗ್ಗರಿಸಿದಳು. ಅವನು ಅವಳ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿಹಿಡಿದು, ಇನ್ನೊಬ್ಬನಿಗೆ ಕಣ್ಸನ್ನೆ ಮಾಡಿದ. ಕಬ್ಬಿಣದ ಶಟರು ಧಡಾರನೆ ಬೆರಳುಗಳ ಮೇಲೆ ಇಳಿಯಿತು. ಎರಡನೇ ಸಲ ಎತ್ತುವಾಗ ಪಕ್ಕದ ಟೇಲರ್ ಅಂಗಡಿಯ ತಸ್ಲೀಮ್ ಕತ್ತರಿ ಹಿಡಿದು, "ಸಾಯಸ್ತಾರ, ಬರ್ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡಳು. ಜನ ಕೂಡಿದರು. ಮೂವರೂ ಬೈಕ್ ಹತ್ತಿ ಪರಾರಿಯಾದರು.

ಶಹಾಬಾದಿನಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಮನೆಗೆ ಹೋಗದೆ ನೇರ ಸ್ಟುಡಿಯೋಗೆ ಹೋದಳು. ಪೊಲೀಸರು ಹೇಳಿಕೆ ಬರೆದುಕೊಂಡಿದ್ದರು. ಆದರೆ ಕೊಲೆ ಮಾಡಿದ್ದು ಯಾರೆಂಬುದು ವಿಡಿಯೋದಲ್ಲೇ ಕಾಣಬೇಕಿತ್ತು. ಪಕ್ಕದ ಅಂಗಡಿಯಿಂದ ಪರದೆ ತಂದು, ತಸ್ಲೀಮಳನ್ನು ಜೊತೆಗೆ ಕೂರಿಸಿಕೊಂಡು ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು: ಡಿಸ್ಕ್ ಸಿಗುತ್ತಿಲ್ಲ.

"ಸತ್ತದೇನು?" ತಸ್ಲೀಮ್ ಕೇಳಿದಳು.

"ಡಬ್ಬಿ ಬಿಚ್ಚು, ನೋಡಮು."

ಒದೆತಕ್ಕೆ ಡಿಸ್ಕಿನ ವೈರು ಕಳಚಿ ನೇತಾಡುತ್ತಿತ್ತು. ತಸ್ಲೀಮ್ ಅದನ್ನು ಒತ್ತಿ ಕೂರಿಸಿದಳು. ಈಗ ಯಂತ್ರ ಡಿಸ್ಕನ್ನು ಗುರುತಿಸಿತು. ಆದರೂ ಪಾಸ್‌ವರ್ಡ್ ಕೇಳುವ ಪರದೆ ಬರದೆ ಮತ್ತೆ ಅದೇ ಕಪ್ಪು. ಅಪ್‌ಡೇಟ್ ನಡೆಯುವಾಗಲೇ ಕರೆಂಟು ಕಿತ್ತದ್ದು ಸಂಘಮಿತ್ರಾಳಿಗೆ ನೆನಪಾಯಿತು. ಯಂತ್ರ ಏಳುವಾಗ ಬೀಗ ತೆಗೆಯಬೇಕಾದ ಪ್ರೋಗ್ರಾಮಿನ ಮೊದಲ ತುಣುಕೇ ಅರ್ಧಂಬರ್ಧ ಬರೆದು ನಿಂತಿತ್ತು. ಲಿನಕ್ಸ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದ ಯಂತ್ರ ಎಬ್ಬಿಸಿದಳು. ಡಿಸ್ಕ್ ಕಂಡಿತು. ಪಾಸ್‌ವರ್ಡ್ ಕೇಳಿತು.

ಎಡಗೈಯಲ್ಲಿ ಹೊಡೆದಳು. ತಪ್ಪು. ಇನ್ನೊಮ್ಮೆ. ತಪ್ಪು. ಎಷ್ಟೋ ವರ್ಷಗಳಿಂದ ಎರಡೂ ಕೈಗಳ ರೂಢಿಯಲ್ಲೇ ಓಡುತ್ತಿದ್ದ ಆ ಅಕ್ಷರಗಳು ಬಾಯಿಗೆ ಬರಲೊಲ್ಲವು. ಎಡಗೈಯ ಪಕ್ಕದಲ್ಲಿ ಬಲಗೈಯನ್ನೂ ಕೀಬೋರ್ಡಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಪ್ಲಾಸ್ಟರಿನೊಳಗೆ ಮುರಿದ ಬೆರಳು ತನ್ನ ಅಕ್ಷರಕ್ಕೆ ಮಿಡಿದಾಗ ನೋವು ಮೊಣಕೈವರೆಗೆ ಹತ್ತಿತು.

"ಈ ಬೆರಳು ಎದ್ದದ. ಅದರ ಕೆಳಗಿನ ಅಕ್ಷರ ಒತ್ತು," ಎಂದಳು ಹಲ್ಲು ಕಚ್ಚಿ.

ತಸ್ಲೀಮ್ ಒತ್ತಿದಳು. ಒಂದು ಅಕ್ಷರಕ್ಕೆ ಒಂದು ಸಲ ನರಳುತ್ತ, ಬೆವರಿನಲ್ಲಿ ತೊಯ್ದು, ಅವಳು ಇಡೀ ಪಾಸ್‌ವರ್ಡನ್ನು ಮುರಿದ ಕೈಯಿಂದ ಹಿಂಡಿ ತೆಗೆದಳು. ಡಿಸ್ಕ್ ತೆರೆದುಕೊಂಡಿತು. ಮೊದಲು ವಿಡಿಯೋವನ್ನು ಬೇರೆ ಎರಡು ಪೆನ್‌ಡ್ರೈವಿಗೆ ಹಾಕಿದಳು. ಕೆಟ್ಟ ತುಣುಕನ್ನು ಮತ್ತೆ ಕಟ್ಟಿ ಯಂತ್ರ ತಾನಾಗಿ ಏಳುವಂತೆ ಮಾಡಿದ್ದು ಆಮೇಲೆ.

ಸುದ್ದಿ ಕೇಳಿ ಭೀಮಶ್ಯಾನ ಹೆಂಡತಿ ಪೀರಮ್ಮ ಬಂದಳು.

"ಯವ್ವಾ, ನೀವು ನೋಡಬ್ಯಾಡ್ರಿ," ಎಂದಳು ಸಂಘಮಿತ್ರಾ.

"ನಾ ಹಿಂದ ಹೆಂಗಸರ ಕೂಡ ಇದ್ದೆ. ಕಾಣಲಿಲ್ಲ. ಪೂರಾ ತೋರಸು."

ಪರದೆಯಲ್ಲಿ ಧೂಳು ಸರಿಯಿತು. ಭೀಮಶ್ಯಾ ಎರಡೂ ಕೈ ಜೋಡಿಸಿ ನಿಂತಿದ್ದ. "ಇಳಸ್ತೀನ್ರಿ, ಹುಡುಗನ್ನ ಇಳಸ್ತೀನಿ, ಹೊಡೀಬ್ಯಾಡ್ರಿ" ಎನ್ನುತ್ತಿದ್ದ. ಅವನ ಮುಂದೆ ರಮೇಶಕುಮಾರ. ರಾಡು ಬೀಸಿದ್ದು ಅವನೇ. ಮೊದಲ ಏಟಿಗೆ ತಲೆಗೆ ಸುತ್ತಿದ ಪಟಗ ಹಾರಿತು. ಮುದುಕ ಮೊಣಕಾಲೂರಿದ ಮೇಲೆ ಇನ್ನೊಂದು, ಮತ್ತೊಂದು. ಕೈ ಇನ್ನೂ ಜೋಡಿಸಿಯೇ ಇತ್ತು.

ಪೀರಮ್ಮ ಅಳಲಿಲ್ಲ. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿ ಕೊನೆಯವರೆಗೂ ನೋಡಿದಳು. "ಇಳಸ್ತೀನಿ ಅಂದಾನ," ಎಂದಳು. "ಅಂದಮ್ಯಾಗೂ ಹೊಡದಾರ."

ವಿಡಿಯೋ ಅಂದೇ ಪೊಲೀಸರ ಕೈ ಸೇರಿತು. ಚಿಂಚೋಳಿಯ ನೆಂಟರ ಮನೆಯಲ್ಲಿ ಅಡಗಿದ್ದ ರಮೇಶಕುಮಾರ ನಾಲ್ಕಾರು ದಿನದಲ್ಲಿ ಸಿಕ್ಕಿಬಿದ್ದ. ಗುರುತು ಹಿಡಿಯಲು ಸಂಘಮಿತ್ರಾಳನ್ನು ಕರೆಸಿದರು. ಅವಳನ್ನು ಕಂಡು ಅವನು ನಕ್ಕು, "ಅಕ್ಕಾ, ಕೈ ಹ್ಯಾಂಗದ?" ಎಂದ.

ಅವಳು ಪ್ಲಾಸ್ಟರಿನ ಕೈಯನ್ನೇ ಎತ್ತಿ ಅವನ ಬಾಯಿಗೆ ಅಪ್ಪಳಿಸಿದಳು. ಎರಡು ಹಲ್ಲು ನೆಲಕ್ಕೆ ಬಿದ್ದವು. ಪ್ಲಾಸ್ಟರ್ ಸೀಳಿತು, ಕೂಡುತ್ತಿದ್ದ ಮೂಳೆ ಮತ್ತೆ ಜಾರಿತು. ಪೊಲೀಸರು ಅವಳನ್ನು ಹಿಡಿದೆಳೆದಾಗ ಅವಳ ಗಂಟಲಿನಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ.

ಕೊಲೆಯ ಕೇಸು ಕಲಬುರಗಿಯಲ್ಲಿ ನಡೆದಿದೆ. ಹಲ್ಲು ಮುರಿದದ್ದಕ್ಕೆ ಅವಳ ಮೇಲೂ ಒಂದು ಕೇಸು ಬಿತ್ತು. ನಡುಬೆರಳು ಇವತ್ತಿಗೂ ಮಡಚುವುದಿಲ್ಲ. ಹೊಡೆದದ್ದು ತಪ್ಪಲ್ಲವೇ ಎಂದು ಕೋರ್ಟಿನಲ್ಲಿ ರಮೇಶಕುಮಾರನ ಕಡೆಯ ವಕೀಲರು ಕೇಳಿದಾಗ ಅವಳು ಯೋಚಿಸದೆ ಹೇಳಿದಳು: "ತಪ್ಪಿದ್ರ ದಂಡ ಹಾಕ್ರಿ, ಸಾಹೇಬ್ರ. ತುಂಬ್ತೀನಿ."